ನೋಟ್‌ಪ್ಯಾಡ್ ಪ್ಲಸ್‌ಪ್ಲಸ್: ನಾಲ್ಕು ಮಳೆಗಾಲ ಬಳಸಿದ ಮೇಲೆ

ನಾನು ಪ್ರೋಗ್ರಾಮರ್ ಅಲ್ಲ ಮಾರಾಯ್ರೆ, ಉಡುಪಿಯಲ್ಲಿ ಅಕೌಂಟ್ಸ್ ಕೆಲಸ. ಮಲ್ಪೆಯಲ್ಲಿ ಭಾವನದ್ದೊಂದು ಹೋಮ್‌ಸ್ಟೇ ಉಂಟು, ಅದರ ವರ್ಡ್‌ಪ್ರೆಸ್ ಸೈಟು ನನ್ನ ತಲೆಗೆ ಕಟ್ಟಿದ್ದಾರೆ. ಸಂಬಳ ಇಲ್ಲ, ಹಾಗಾಗಿ ಸೈಟಿನ ಕೋಡ್ ಫೈಲ್ ತಿದ್ದುವ ಎಡಿಟರ್ ಫ್ರೀ ಆಗಿರ್ಲೇಬೇಕಿತ್ತು, ನೋಟ್‌ಪ್ಯಾಡ್ ಪ್ಲಸ್‌ಪ್ಲಸ್ ಅಂತದ್ದೇ ಎಡಿಟರ್, 2003ರಿಂದಲೂ ಫ್ರೀ.

ಇದನ್ನು ಹಾಕಿಕೊಂಡದ್ದೇ ಒಂದು ಪೆಟ್ಟು ತಿಂದ ಮೇಲೆ. ಮೇ ತಿಂಗಳು, ಫುಲ್ ಸೀಸನ್, ಸೈಟಿಗೆ ಸಿಗುವ ಮೆಮೊರಿಯ ಲಿಮಿಟ್ 256 ಎಂಬಿ ಮಾಡುವ ಒಂದೇ ಒಂದು ಸಾಲು, ಯಾವುದೋ ಡಾಕ್ಯುಮೆಂಟಲ್ಲಿ ಸೇವ್ ಮಾಡಿ ಇಟ್ಟದ್ದನ್ನ ಕಾಪಿ ಮಾಡಿ ಸೈಟಿನ ಸೆಟ್ಟಿಂಗೆಲ್ಲ ಇರುವ ಕಾನ್ಫಿಗ್ ಫೈಲಿಗೆ ಹಾಕಿದೆ, ಸೈಟು ಢಮಾರ್, ಅಡ್ಮಿನ್ ಒಳಗೂ ಹೋಗ್ಲಿಕ್ಕಾಗುದಿಲ್ಲ, ಭಾವನ ಫೋನ್ ಮೇಲೆ ಫೋನ್. ಎರಡು ಗಂಟೆ ಮಂಡೆಬಿಸಿ ಆದ ಮೇಲೆ ಗೊತ್ತಾದದ್ದು ಎಂತ ಅಂದ್ರೆ ಆ ಡಾಕ್ಯುಮೆಂಟಲ್ಲಿ ನೆಟ್ಟಗಿದ್ದ ಕೋಟ್ (ಉದ್ಧರಣ ಚಿಹ್ನೆ) ಬಾಗಿದ ಕೋಟ್ ಆಗಿಬಿಟ್ಟಿತ್ತು, ವರ್ಡ್‌ಪ್ರೆಸ್ ಬರೆದದ್ದು ಪಿಎಚ್‌ಪಿ ಅನ್ನುವ ಭಾಷೆಯಲ್ಲಿ, ಪಿಎಚ್‌ಪಿಗೆ ಅದು ಕೋಟೇ ಅಲ್ಲ! ಈ ಎಡಿಟರಲ್ಲಾದ್ರೆ ಸರಿಯಾದ ಕೋಟ್ ಒಳಗಿನ ಅಕ್ಷರಕ್ಕೆ ಬೇರೆ ಬಣ್ಣ, ಬಾಗಿದ್ದಕ್ಕೆ ಬಣ್ಣವೇ ಹಿಡಿಯುದಿಲ್ಲ, ದೂರದಿಂದಲೇ ಗೊತ್ತಾಗ್ತದೆ.

ಈಗ ನನ್ನದೊಂದು ಕ್ರಮ. ರಾತ್ರಿ ಊಟ ಆಗಿ, ಗಾಳಿಮಳೆಗೆ ಕರೆಂಟ್ ಹೋಗುವ ಲಕ್ಷಣ ಇಲ್ಲ ಅಂತ ನೋಡಿಕೊಂಡು ಸರ್ವರಿಂದ ಕಾನ್ಫಿಗ್ ಫೈಲ್ ಇಳಿಸ್ತೇನೆ, ತಾರೀಕು ಹಾಕಿ ಒಂದು ಕಾಪಿ ಲ್ಯಾಪ್‌ಟಾಪಲ್ಲೇ ಇಡ್ತೇನೆ. ಸರ್ವರಲ್ಲಿ ಬ್ಯಾಕ್ ಅಂತ ಬಾಲ ಹಾಕಿ ಇಡುವ ಕೆಲಸ ಮಾತ್ರ ಬೇಡ, ಹೆಸರು ಊಹಿಸಿದವ ಬ್ರೌಸರಲ್ಲೇ ಅದರೊಳಗಿನ ಡೇಟಾಬೇಸ್ ಪಾಸ್‌ವರ್ಡ್ ಓದಿಯಾನು. ಆಮೇಲೆ ಶೋ ಆಲ್ ಕ್ಯಾರೆಕ್ಟರ್ಸ್ ಒತ್ತಿದ್ರೆ ಫೈಲಿನ ಶುರುವಲ್ಲಿರುವ ಪಿಎಚ್‌ಪಿ ಟ್ಯಾಗಿನ ಮುಂದೆ ಸ್ಪೇಸ್ ಕದ್ದು ಕೂತಿದ್ರೆ ಚುಕ್ಕಿಯಾಗಿ ಕಾಣ್ತದೆ. ಇನ್ನು ಕೆಳಗೆ ಬಲಮೂಲೆ. ಈ ಮೂಲೆ ನನಗೆ ಭಾರೀ ಇಷ್ಟ, ಫೈಲಿನ ಅಕ್ಷರಗಳನ್ನು ಯಾವ ರೀತಿ ಸೇವ್ ಮಾಡಿದೆ ಅಂತ ಅಲ್ಲಿ ಕಾಣ್ತದೆ, ಯುಟಿಎಫ್-8 ಅಂತ ಮಾತ್ರ ಇದ್ರೆ ನೆಮ್ಮದಿ, ಪಕ್ಕದಲ್ಲಿ ಬಿಒಎಂ ಅಂತ ಇದ್ರೆ ಕಣ್ಣಿಗೆ ಕಾಣದ 3 ಬೈಟ್ ಫೈಲಿನ ತಲೆಯಲ್ಲಿ ಕೂತುಂಟು ಅಂತ ಅರ್ಥ, ಆ ಸ್ಪೇಸಾಗಲಿ ಇದಾಗಲಿ ಹಾಗೇ ಹಾಕಿದ್ರೆ ಸೈಟಲ್ಲಿ ಹೆಡರ್ಸ್ ಆಲ್‌ರೆಡಿ ಸೆಂಟ್ ಅನ್ನುವ ಎರರಿನ ಗೋಳು ಶುರು.

ಇಷ್ಟೆಲ್ಲ ಹೊಗಳಿದೆ, ಆದ್ರೆ ಕೋಡ್ ಸಾಲಿನ ಕೊನೆಗೆ ಬೇಕಾದ ಸೆಮಿಕೋಲನ್ ಬಿಟ್ಟುಹೋದ್ರೆ ಇದು ಬಾಯೇ ಬಿಡುದಿಲ್ಲ, ಎಲ್ಲ ಚಂದ ಬಣ್ಣದಲ್ಲಿ ತೋರಿಸಿ ಸುಮ್ಮನೆ ಕೂರ್ತದೆ. ಮತ್ತೆ ಎಫ್‌ಟಿಪಿ ಪ್ಲಗಿನ್. ಎಡಿಟರಿಗೆ ಸೇರಿಸಿಕೊಳ್ಳುವ ಈ ತುಣುಕಿಂದ ಸರ್ವರಿನ ಫೈಲನ್ನೇ ನೇರ ತೆರೆದು ತಿದ್ದಬಹುದು, ಸೇವ್ ಒತ್ತಿದ್ರೆ ಹೋಗಿ ಕೂತಾಯ್ತು. ಅಕೌಂಟ್ಸಿನವರಿಗೆ ಎರಡು ನಿಮಿಷಕ್ಕೊಮ್ಮೆ ಕಂಟ್ರೋಲ್ ಎಸ್ ಒತ್ತುವ ಚಟ, ಅರ್ಧ ಬರೆದ ಸಾಲು ಲೈವ್ ಆಗಿ ಮತ್ತೆ ಭಾವನ ಫೋನ್. ತಪ್ಪು ನನ್ನದೇ, ಆದ್ರೂ ಸಿಟ್ಟಿಗೆ ಪ್ಲಗಿನ್ ತೆಗೆದು ಬಿಸಾಡಿದೆ. ಐದಕ್ಕೆ ನಾಲ್ಕು, ಆ ಒಂದು ಸೆಮಿಕೋಲನ್ನಿಗೆ ಕಟ್.