ಚಾವಣಿಯ ಮಳೆನೀರು, ಇನ್ನೂರು ಲೀಟರಿನ ಡ್ರಮ್ಮು: ಚಳ್ಳಕೆರೆ ಸೀಮೆಯಿಂದ ಒಂದು ವಿಮರ್ಶೆ

ನಮ್ಮ ಮನೆಗೆ ಮಳೆನೀರು ಸಂಗ್ರಹದ ವ್ಯವಸ್ಥೆಯನ್ನು ಅಳವಡಿಸಿದ್ದು 2022ರ ಬೇಸಿಗೆಯಲ್ಲಿ. ಕೆಲಸ ಮಾಡಿಕೊಟ್ಟ ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇದೇ ಮಾದರಿಯ ಡ್ರಮ್ ಫಿಲ್ಟರನ್ನು ಹಲವರು ಮಾರುತ್ತಿರುವುದರಿಂದ ನನ್ನ ಮಾತು ಆ ಮಾದರಿಯನ್ನು ಕುರಿತದ್ದು.

ಚಳ್ಳಕೆರೆ ಸೀಮೆಯಲ್ಲಿ ವರ್ಷದ ಸರಾಸರಿ ಮಳೆ 500 ಮಿಲಿಮೀಟರನ್ನು ಮುಟ್ಟುವುದಿಲ್ಲ. ಕೊಳವೆಬಾವಿಯ ನೀರಿನಲ್ಲಿ ಬೇಳೆ ಬೇಯುವುದಿಲ್ಲವೆಂಬುದು ಸಣ್ಣ ತೊಂದರೆ, ದೊಡ್ಡದು ಫ್ಲೋರೈಡ್. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎಂದು ಭಾರತೀಯ ಮಾನಕ ಹೇಳುತ್ತದೆ. ಕುದಿಸಿದರೆ ಅದು ಹೋಗುವುದಿಲ್ಲ. ಐದು ರೂಪಾಯಿ ನಾಣ್ಯ ಹಾಕಿ ಇಪ್ಪತ್ತು ಲೀಟರಿನ ಕ್ಯಾನು ತುಂಬಿಸಿಕೊಳ್ಳುವ ಘಟಕ ಊರಿನಲ್ಲಿ ಇದೆಯಾದರೂ, ಅದು ಕೆಟ್ಟು ನಿಂತ ವಾರಗಳಲ್ಲಿ ನಾವು ಅನುಭವಿಸಿದ ಪಾಡೇ ಈ ಖರ್ಚಿಗೆ ಕಾರಣವಾಯಿತು.

ಸಂಸ್ಥೆಯವರು ಕೊಟ್ಟ ಕರಪತ್ರದಲ್ಲಿ ಲೆಕ್ಕ ಸರಳವಾಗಿತ್ತು. ಚಾವಣಿ 90 ಚದರ ಮೀಟರ್. ಒಂದು ಮಿಲಿಮೀಟರ್ ಮಳೆಗೆ 90 ಲೀಟರ್. ಸೋರಿದ್ದು, ಆರಿದ್ದು ಕಳೆದು ವರ್ಷಕ್ಕೆ 34,000 ಲೀಟರ್. ಲೆಕ್ಕದಲ್ಲಿ ಸುಳ್ಳಿಲ್ಲ. ಆದರೆ ನಮ್ಮಲ್ಲಿ ಮಳೆ ವರ್ಷಪೂರ್ತಿ ಹದವಾಗಿ ಬೀಳುವುದಿಲ್ಲ. ತಿಂಗಳುಗಟ್ಟಲೆ ಬಿಸಿಲು ಕಾಯಿಸಿ, ಯಾವುದೋ ಒಂದು ಸಂಜೆ ಗುಡುಗಿನೊಡನೆ ಬಂದು ಮುಕ್ಕಾಲು ಗಂಟೆಯಲ್ಲಿ ತನ್ನ ಪಾಲನ್ನು ಸುರಿದು ಹೋಗುತ್ತದೆ. ಗಂಟೆಗೆ 50 ಮಿಲಿಮೀಟರಿನ ಬಿರುಸಿನಲ್ಲಿ ಸುರಿದರೆ ನಮ್ಮ ಚಾವಣಿಯಿಂದ ನಿಮಿಷಕ್ಕೆ 75 ಲೀಟರ್ ಇಳಿಯುತ್ತದೆ. ಜಲ್ಲಿ, ಮರಳು, ಇದ್ದಿಲು ತುಂಬಿದ 200 ಲೀಟರಿನ ಡ್ರಮ್ಮು ಅದನ್ನು ನುಂಗಬಲ್ಲದೇ ಎಂಬ ಪ್ರಶ್ನೆ ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಮೊದಲ ವರ್ಷ ಈ ದೋಷ ಕಣ್ಣಿಗೆ ಬೀಳದೆ ಹೋದದ್ದಕ್ಕೆ ಕಾರಣವಿದೆ. 2022ರಲ್ಲಿ ಮಾರಿಕಣಿವೆಯ ವಾಣಿವಿಲಾಸ ಸಾಗರವೇ 1933ರ ನಂತರ ಮೊದಲ ಬಾರಿಗೆ ಕೋಡಿ ಬಿದ್ದಿತು; ಅಂಥ ವರ್ಷದಲ್ಲಿ ಅರ್ಧ ನೀರು ಪೋಲಾದರೂ ಸಂಪು ತುಂಬಿಯೇ ತುಂಬುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಆ ವರ್ಷದ ಕೃತ್ತಿಕೆ ಮಳೆಯಲ್ಲಿ ಕೊಡೆ ಹಿಡಿದು ನಿಂತು ನೋಡಿದೆ: ಡ್ರಮ್ಮಿನ ಬಾಯಿಂದ ನೀರು ಉಕ್ಕಿ ಅಂಗಳಕ್ಕೆ ಹರಿಯುತ್ತಿತ್ತು. ಕೆಳಗಿನ ಕೊಳವೆಗೆ ಬಕೆಟ್ ಹಿಡಿದರೆ 15 ಲೀಟರ್ ತುಂಬಲು 50 ಸೆಕೆಂಡು ಬೇಕಾಯಿತು, ಅಂದರೆ ನಿಮಿಷಕ್ಕೆ 18 ಲೀಟರ್. ಹನಿಗೂ ಬರ ಬಿದ್ದ ವರ್ಷದಲ್ಲಿ ಬಿದ್ದ ಮಳೆಯ ಬಹುಪಾಲನ್ನು ಹಣ ಕೊಟ್ಟು ತಂದ ಫಿಲ್ಟರೇ ಹೊರಗೆ ತಳ್ಳುತ್ತಿತ್ತು.

ಇನ್ನೊಂದು ಕೊರತೆ ಮೊದಲ ಮಳೆಯ ಕೊಳೆನೀರನ್ನು ಹೊರಬಿಡುವ ಭಾಗದಲ್ಲಿದೆ. ಚಾವಣಿಯ ಧೂಳು, ಹಕ್ಕಿಯ ಹಿಕ್ಕೆ ತೊಳೆದುಹೋಗಲು ಕನಿಷ್ಠ ಒಂದು ಮಿಲಿಮೀಟರ್ ಮಳೆಯನ್ನು, ನಮ್ಮ ಲೆಕ್ಕದಲ್ಲಿ 90 ಲೀಟರನ್ನು, ಬಿಟ್ಟುಬಿಡಬೇಕು. ಅವರು ನಿಲ್ಲಿಸಿಕೊಟ್ಟ ನಾಲ್ಕು ಇಂಚು ದಪ್ಪದ ಆರಡಿ ಕೊಳವೆ ಹಿಡಿಯುವುದು ಸುಮಾರು 15 ಲೀಟರ್ ಮಾತ್ರ. ದೂರು ಹೇಳಿ ಮೂರು ಸಲ ಫೋನ್ ಮಾಡಿದ ಮೇಲೆ ಬಂದವರು ಮರಳು ತೊಳೆದು, ಮತ್ತೆ ತುಂಬಿ, ಹಾಗೆಯೇ ಹೋದರು. ಕೊನೆಗೆ ಸ್ಥಳೀಯ ಕೊಳಾಯಿ ಕೆಲಸದವರಿಂದಲೇ ತುಕ್ಕುಹಿಡಿಯದ ಉಕ್ಕಿನ ಜಾಲರಿಯ ಫಿಲ್ಟರ್ ಹಾಕಿಸಿದೆ. ಹಳೆಯ ಡ್ರಮ್ಮನ್ನು ಬರಿದು ಮಾಡಿ ಕೊಳೆನೀರಿಗೆ ಮೀಸಲಿಟ್ಟೆ. ಅದರ ತಳದ ಸಣ್ಣ ತೂತಿನಿಂದ ಇಳಿಯುವ ನೀರು ಈಗ ಕರಿಬೇವಿನ ಗಿಡಕ್ಕೆ. ಡ್ರಮ್ಮು ತನಗೆ ತಕ್ಕ ಕೆಲಸವನ್ನು ಮಾಡುತ್ತಿರುವುದು ಈಗಲೇ.

ಸಂಪಿನ ಬಗ್ಗೆ ನನ್ನಲ್ಲಿ ದೂರಿಲ್ಲ. 12,000 ಲೀಟರಿನ ಸಂಪನ್ನು ಗಾರೆಯವರು ಒಂದು ಬಿರುಕೂ ಇಲ್ಲದಂತೆ ಕಟ್ಟಿದರು. ಹೊಸ ಸಿಮೆಂಟಿನ ಸುಣ್ಣ ಬಿಡುವುದರಿಂದ ಮೊದಲ ಸಲದ ನೀರನ್ನು ಕುಡಿಯಬೇಡಿ, ಬಟ್ಟೆ ಒಗೆಯಲು ಬಳಸಿ ಎಂದು ಅವರೇ ಎಚ್ಚರಿಸಿದ್ದು ಮೆಚ್ಚಬೇಕಾದ ಮಾತು. ಬೆಳಕು ಬೀಳದ ಹಾಗೆ ಮುಚ್ಚಳ ಬಿಗಿಯಾಗಿರುವುದರಿಂದ ಪಾಚಿ ಕಟ್ಟಿಲ್ಲ. ಆದರೂ ಕುಡಿಯುವ ನೀರನ್ನು ಕುದಿಸಿಯೇ ಬಳಸುತ್ತೇವೆ, ಏಕೆಂದರೆ ಚಾವಣಿಯ ನೀರಿನಲ್ಲಿ ಫ್ಲೋರೈಡ್ ಇಲ್ಲದಿರಬಹುದು, ರೋಗಾಣು ಇಲ್ಲವೆನ್ನಲಾಗದು.

ಐದು ಜನರ ನಮ್ಮ ಮನೆಯಲ್ಲಿ ಕುಡಿಯಲು ಮತ್ತು ಅಡುಗೆಗೆ ದಿನಕ್ಕೆ 25 ಲೀಟರ್ ಸಾಕು. ಸ್ನಾನಕ್ಕೂ ಪಾತ್ರೆಗೂ ಕೊಳವೆಬಾವಿಯ ನೀರೇ. ಈ ಕಟ್ಟುನಿಟ್ಟಿನಲ್ಲಿ ತುಂಬಿದ ಸಂಪು 480 ದಿನ ಬರುತ್ತದೆ. ಆ ಬರದ ವರ್ಷ ಕಳೆದು, 2024ರ ಏಪ್ರಿಲ್‌ನಲ್ಲಿ ಕೋಲು ಇಳಿಸಿ ನೋಡಿದಾಗಲೂ ಮೊಣಕಾಲುದ್ದ ನೀರಿತ್ತು. ಸಂಪಿನ ನೀರನ್ನು ಮೋಟಾರಿನಿಂದ ಮನೆಯ ನಲ್ಲಿಗಳಿಗೆಲ್ಲ ಹರಿಸಿಕೊಳ್ಳಿರೆಂಬ ಸಂಸ್ಥೆಯ ಸಲಹೆಯನ್ನು ಕೇಳಿದ್ದರೆ ಅದು ಎರಡು ತಿಂಗಳೂ ಬಾಳುತ್ತಿರಲಿಲ್ಲ. ಕೈಪಂಪೇ ಸಾಕೆಂದು ಹಟ ಹಿಡಿದ ನಮ್ಮ ತಾಯಿಯವರ ಮಾತು ನಡೆದದ್ದು ಒಳ್ಳೆಯದಾಯಿತು.

ಹೀಗಾಗಿ ಸಂಪಿನ ಕೆಲಸಕ್ಕೆ ಐದರಲ್ಲಿ ಐದು ಅಂಕ, ಫಿಲ್ಟರಿಗೆ ಒಂದು, ಮಾರಾಟದ ನಂತರದ ಸೇವೆಗೆ ಎರಡು. ಕೊಳ್ಳುವವರು ವರ್ಷದ ಲೀಟರ್ ಲೆಕ್ಕವನ್ನು ಬದಿಗಿಟ್ಟು, ಫಿಲ್ಟರ್ ನಿಮಿಷಕ್ಕೆ ಎಷ್ಟು ಲೀಟರ್ ಬಿಡುತ್ತದೆಂದು ಕೇಳಿ, ಹಣ ಕೊಡುವ ಮುನ್ನ ಮೇಲಿನ ತೊಟ್ಟಿಯ ನೀರನ್ನು ಅದಕ್ಕೆ ಒಮ್ಮೆಲೇ ಬಿಟ್ಟು ನೋಡಬೇಕು.