ಇ-ಸೈಕಲ್‌ನ ಮನೆಯಲ್ಲೇ ಮಾಡಿದ ಬ್ಯಾಟರಿ: ಬಿಚ್ಚಿ ಮತ್ತೆ ಕಟ್ಟಿ ಎರಡು ವರ್ಷ ಓಡಿಸಿದ ಮೇಲೆ

ಒಂದು ಸಲ ಚಾರ್ಜ್ ಮಾಡಿದರೆ ಎಷ್ಟು ಕಿಲೋಮೀಟರ್ ಬರುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ನಾನೀಗ ಪ್ಯಾಕ್ ಚೆನ್ನಾಗಿದೆಯಾ ಅಂತ ತಿಳಿಯಲು ಅದನ್ನು ನೋಡುವುದೇ ಇಲ್ಲ. ಒಳಗಿರುವ ಸೆಲ್ ಗುಂಪುಗಳ ವೋಲ್ಟೇಜ್ ಒಂದಕ್ಕೊಂದು ಎಷ್ಟು ಹತ್ತಿರ ಇದೆ ಅಂತ ನೋಡುತ್ತೇನೆ. ಹಳೇ ಪ್ಯಾಕ್ ಕೈಕೊಟ್ಟಿದ್ದೂ ಅಲ್ಲೇ.

ಸೈಕಲ್ ಸೆಕೆಂಡ್ ಹ್ಯಾಂಡ್. ಬ್ಯಾಟರಿ ಹಿಂದಿನ ಮಾಲೀಕರು ತಾವೇ ಕಟ್ಟಿದ್ದು. 48 ವೋಲ್ಟ್ ಪ್ಯಾಕ್. ನಾಲ್ಕು 18650 ಸೆಲ್ (18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ ಲಿಥಿಯಂ ಸೆಲ್) ಪ್ಯಾರಲಲ್‌ನಲ್ಲಿ ಸೇರಿಸಿದರೆ ಒಂದು ಗುಂಪು, ಅಂಥ 13 ಗುಂಪು ಸೀರೀಸ್‌ನಲ್ಲಿ, ಒಟ್ಟು 52 ಸೆಲ್. ಫುಲ್ ಚಾರ್ಜ್ ಆದಾಗ 54.6 ವೋಲ್ಟ್. ಮೊದಮೊದಲು ಚೆನ್ನಾಗೇ ಓಡಿತು. ಆಮೇಲೆ ಏರು ಸಿಕ್ಕಾಗೆಲ್ಲ ಮೋಟರ್ ದಿಢೀರ್ ಅಂತ ನಿಂತುಬಿಡುತ್ತಿತ್ತು. ಮೀಟರ್‌ನಲ್ಲಿ ನೋಡಿದರೆ ಮುಕ್ಕಾಲು ಚಾರ್ಜ್ ಇದೆ! ಆಫ್ ಮಾಡಿ ಆನ್ ಮಾಡಿದರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಮತ್ತೆ ಹೊರಡುತ್ತಿತ್ತು.

ಬಿಎಂಎಸ್‌ಗೆ (ಅಂದರೆ ಪ್ರತಿ ಗುಂಪಿನ ವೋಲ್ಟೇಜ್ ಕಾಯುವ ಸರ್ಕ್ಯೂಟ್ ಬೋರ್ಡ್‌ಗೆ) ಹೋಗುವ ಸಣ್ಣ ಬ್ಯಾಲೆನ್ಸ್ ವೈರ್‌ಗಳಲ್ಲಿ ಮಲ್ಟಿಮೀಟರ್ ಹಿಡಿದು ಒಂದೊಂದೇ ಗುಂಪು ಅಳೆದೆ. ಹನ್ನೆರಡು ಗುಂಪು 4 ವೋಲ್ಟ್ ಆಸುಪಾಸು. ಒಂದು ಮಾತ್ರ 3.6. ಲೋಡ್ ಬಿದ್ದಾಗ ಆ ಒಂದು ಗುಂಪು ತಳಕ್ಕೆ ಇಳಿಯುತ್ತದೆ, ಬಿಎಂಎಸ್ ಇಡೀ ಪ್ಯಾಕನ್ನೇ ಕಟ್ ಮಾಡುತ್ತದೆ. ಚಾರ್ಜ್ ಮಾಡುವಾಗ ಇದರ ಉಲ್ಟಾ. ಉಳಿದ ಗುಂಪುಗಳು ಮೊದಲೇ 4.2 ಮುಟ್ಟುವುದರಿಂದ ಚಾರ್ಜಿಂಗ್ ನಿಲ್ಲುತ್ತದೆ, ಸೊರಗಿದ ಗುಂಪಿಗೆ ಹೊಟ್ಟೆ ತುಂಬುವುದೇ ಇಲ್ಲ.

'ರಾತ್ರಿಯೆಲ್ಲ ಚಾರ್ಜ್‌ಗೆ ಹಾಕಿಡಿ, ಬಿಎಂಎಸ್ ಬ್ಯಾಲೆನ್ಸ್ ಮಾಡಿಕೊಳ್ಳುತ್ತೆ' ಅಂತ ಹೇಳುವವರು ಬೇಕಾದಷ್ಟು ಜನ. ಲೆಕ್ಕ ಹಾಕಿ ನೋಡಿ. ಸಾಮಾನ್ಯ ಬಿಎಂಎಸ್ ಬ್ಯಾಲೆನ್ಸ್ ಮಾಡುವುದು, ಅಂದರೆ ಗುಂಪುಗಳನ್ನು ಸಮ ಮಾಡುವುದು, ಸುಮಾರು 50 ಮಿಲಿ ಆಂಪಿಯರ್‌ನಲ್ಲಿ. 1 ಎಎಚ್ (ಆಂಪಿಯರ್-ಅವರ್) ವ್ಯತ್ಯಾಸ ಸರಿಹೋಗಲು 20 ಗಂಟೆ ಬೇಕು. ಅಷ್ಟು ಮಾಡಿದರೂ ಸೆಲ್ ತಾನಾಗೇ ಚಾರ್ಜ್ ಕಳೆದುಕೊಳ್ಳುತ್ತಿದ್ದರೆ ಮಾರನೇ ವಾರ ಅದೇ ಕಥೆ. ಅದಕ್ಕಿಂತ ಮುಖ್ಯ, ಕೆಟ್ಟ ಸೆಲ್ ಇರುವ ಪ್ಯಾಕನ್ನು ಚಾರ್ಜ್‌ಗೆ ಹಾಕಿ ಮಲಗುವುದು ಹುಡುಗಾಟದ ಮಾತಲ್ಲ.

ಬಿಚ್ಚಿದಾಗ ಕಂಡದ್ದು: ಹಳೇ ಲ್ಯಾಪ್‌ಟಾಪ್ ಬ್ಯಾಟರಿಗಳ ಸೆಲ್‌ಗಳು, ಮೂರು ಬಣ್ಣದವು. ಸೆಲ್‌ಗಳನ್ನು ಜೋಡಿಸುವ ಲೋಹದ ಪಟ್ಟಿಗಳ ಅಂಚಿನಲ್ಲಿ ಕಂದು ತುಕ್ಕು. ಅಂದರೆ ನಿಕಲ್ ಅಲ್ಲ, ನಿಕಲ್ ಲೇಪಿಸಿದ ಸ್ಟೀಲ್. ಆಯಸ್ಕಾಂತ ಹಿಡಿದು ಇದನ್ನು ಪತ್ತೆ ಮಾಡಲು ಹೋಗಬೇಡಿ, ಶುದ್ಧ ನಿಕಲ್ ಕೂಡ ಅಂಟುತ್ತದೆ. ಪಟ್ಟಿಯನ್ನು ಉಪ್ಪುಕಾಗದದಲ್ಲಿ ಉಜ್ಜಿ ಉಪ್ಪು ನೀರಿನಲ್ಲಿ ಹಾಕಿಡಿ. ಸ್ಟೀಲ್ ಆದರೆ ಒಂದೆರಡು ದಿನದಲ್ಲಿ ತುಕ್ಕು ಬಿಡುತ್ತದೆ.

ಕೆಟ್ಟ ಗುಂಪೊಂದನ್ನೇ ಬದಲಾಯಿಸಬಹುದಿತ್ತು, ಖರ್ಚೂ ಕಮ್ಮಿ. ಆದರೆ ಸವೆದ ಹನ್ನೆರಡು ಗುಂಪಿನ ಜೊತೆ ಹೊಸದೊಂದು ಸೇರಿಸಿದರೆ ಅಸಮತೋಲನ ಹೊಸ ರೂಪದಲ್ಲಿ ಶುರುವಾಗುತ್ತದೆ ಅಷ್ಟೇ. 52 ಸೆಲ್ಲನ್ನೂ ಹೊಸದು ತಂದೆ, 3 ಎಎಚ್‌ನವು, ಒಂದೇ ಬ್ಯಾಚ್. ಪ್ಯಾರಲಲ್ ಸೇರಿಸುವ ಮುಂಚೆ ಪ್ರತಿಯೊಂದರ ವೋಲ್ಟೇಜ್ ನೋಡಿಕೊಂಡೆ. ಹಳೇ ಸೆಲ್‌ಗಳ ಎರಡೂ ತುದಿಗೆ ಟೇಪ್ ಸುತ್ತಿ ಇ-ತ್ಯಾಜ್ಯಕ್ಕೆ ಕೊಟ್ಟೆ.

ಕಟ್ಟುವಾಗ ಹೆಚ್ಚು ಹೊತ್ತು ಹಿಡಿದದ್ದು ವೆಲ್ಡಿಂಗ್ ಅಲ್ಲ, ಕಾಗದದ ಉಂಗುರ. 18650 ಸೆಲ್‌ನ ಪಾಸಿಟಿವ್ ತುದಿಯನ್ನು ಹತ್ತಿರದಿಂದ ನೋಡಿ. ನಡುವಿನ ಬಟನ್ ಮಾತ್ರ ಪಾಸಿಟಿವ್. ಅದರ ಸುತ್ತಲಿನ ಅಂಚು, ಪಕ್ಕ, ತಳ ಎಲ್ಲವೂ ನೆಗೆಟಿವ್. ಅಂಚಿನ ಮೇಲಿರುವುದು ತೆಳ್ಳನೆಯ ಪ್ಲಾಸ್ಟಿಕ್ ಹೊದಿಕೆ. ಬಟನ್‌ಗೆ ವೆಲ್ಡ್ ಮಾಡಿದ ಪಟ್ಟಿ ಆ ಅಂಚನ್ನು ದಾಟಿಕೊಂಡೇ ಪಕ್ಕದ ಸೆಲ್‌ಗೆ ಹೋಗಬೇಕು. ರಸ್ತೆಯ ಅದುರಾಟಕ್ಕೆ ಹೊದಿಕೆ ಸವೆದರೆ ಅಲ್ಲೇ ಶಾರ್ಟ್. ಹಳೇ ಪ್ಯಾಕ್‌ನಲ್ಲಿ ಉಂಗುರ ಇರಲೇ ಇಲ್ಲ. ಎರಡು ಸೆಲ್‌ಗಳ ಅಂಚಿನ ಮೇಲೆ ಪಟ್ಟಿ ಒತ್ತಿದ ಗೆರೆ ಕಾಣುತ್ತಿತ್ತು. ಈಗ ಪ್ರತಿ ಸೆಲ್‌ಗೂ ಅಂಟಿನ ಬಾರ್ಲಿ ಪೇಪರ್ (ವಿದ್ಯುತ್ ಹರಿಯದ ಗಟ್ಟಿ ಕಾಗದ) ಉಂಗುರ ಇದೆ. ಕೂತು ಅಂಟಿಸುವಷ್ಟರಲ್ಲಿ ಸಾಕೋ ಸಾಕು ಅನ್ನಿಸುತ್ತದೆ, ಆದರೂ ಬಿಡಬೇಡಿ.

ಕೈಯಲ್ಲಿ ಹಿಡಿಯುವ ಚಿಕ್ಕ ಸ್ಪಾಟ್ ವೆಲ್ಡರ್ 0.15 ಮಿಲಿಮೀಟರ್ ನಿಕಲ್‌ಗೆ ಸಾಕಾಯಿತು. ಅದರ ಚಾರ್ಜ್ ಕಮ್ಮಿಯಾದಂತೆ ವೆಲ್ಡ್ ಸಡಿಲವಾಗುತ್ತದೆ, ಅದೊಂದು ತಲೆನೋವು. ಹಾಳು ಸೆಲ್ ಮೇಲೆ ಪರೀಕ್ಷೆ ಮಾಡಿ, ಇಕ್ಕಳದಲ್ಲಿ ಎಳೆದಾಗ ಪಟ್ಟಿಯೇ ಹರಿದು ಚುಕ್ಕೆ ಸೆಲ್ ಮೇಲೆ ಉಳಿದರೆ ಮಾತ್ರ ಮುಂದಕ್ಕೆ ಹೋಗುತ್ತಿದ್ದೆ. ಸೆಲ್ ಹಿಡಿದಿಡುವ ಪ್ಲಾಸ್ಟಿಕ್ ಹೋಲ್ಡರ್‌ಗಳಿಂದ ಪ್ಯಾಕ್ ಸ್ವಲ್ಪ ದಪ್ಪವಾಯಿತು. ಕೇಸ್ ಒಳಗೆ ತುರುಕಿ ಕೂರಿಸಬೇಕಾಯಿತು.

ಬ್ಲೂಟೂತ್ ಇರುವ ಬಿಎಂಎಸ್ ಹಾಕಿದ್ದಕ್ಕೆ ಮಾತ್ರ ನೂರಕ್ಕೆ ನೂರು ಅಂಕ. ಪ್ರತಿ ಗುಂಪಿನ ವೋಲ್ಟೇಜ್ ಫೋನ್‌ನಲ್ಲೇ ಕಾಣುತ್ತದೆ, ಕೇಸ್ ಬಿಚ್ಚುವ ಕೆಲಸ ಇಲ್ಲ. ಹೊಸತರಲ್ಲಿ ಗುಂಪುಗಳ ನಡುವಿನ ವ್ಯತ್ಯಾಸ 10 ಮಿಲಿ ವೋಲ್ಟ್ ಒಳಗಿತ್ತು. ಈಗ ಫುಲ್ ಚಾರ್ಜ್‌ನಲ್ಲಿ 20ರ ಹತ್ತಿರ. ಚಾರ್ಜ್ ತಳಕ್ಕೆ ಬಂದಾಗ ಜಾಸ್ತಿಯಾಗುತ್ತದೆ, ಅದು ಸಹಜ. ಏರಿನಲ್ಲಿ ಮೋಟರ್ ಒಮ್ಮೆಯೂ ಕಟ್ ಆಗಿಲ್ಲ. ಓಡುವ ದೂರ ಸ್ವಲ್ಪ ಇಳಿದಿದೆ, ಲೆಕ್ಕಕ್ಕೆ ಹಿಡಿಯುವಷ್ಟಲ್ಲ. ಆ್ಯಪ್ ಮಾತ್ರ ಒಮ್ಮೊಮ್ಮೆ ಕನೆಕ್ಟ್ ಆಗಲು ಸತಾಯಿಸುತ್ತದೆ.

ದಿನನಿತ್ಯ 53.3 ವೋಲ್ಟ್‌ಗೇ ಚಾರ್ಜ್ ನಿಲ್ಲಿಸುತ್ತೇನೆ. ಅಂದರೆ ಗುಂಪಿಗೆ 4.1. ಸೆಲ್ ಬಾಳಿಕೆಗೆ ಅದು ಒಳ್ಳೆಯದು. ಆದರೆ ನನ್ನ ಬಿಎಂಎಸ್ ಬ್ಯಾಲೆನ್ಸ್ ಶುರು ಮಾಡುವುದು ಅದಕ್ಕಿಂತ ಮೇಲೆ. ಹಾಗಾಗಿ ಆಗೊಮ್ಮೆ ಈಗೊಮ್ಮೆ 54.6ಕ್ಕೆ ಬಿಡುತ್ತೇನೆ, ಪಕ್ಕದಲ್ಲಿ ಕೂತುಕೊಂಡು.

ಹ್ಯಾಂಡಲ್ ಮೇಲಿನ ಮೀಟರ್ ಈಗಲೂ ಸುಳ್ಳುಬುರುಕ. ಬರೀ ಒಟ್ಟು ವೋಲ್ಟೇಜ್ ನೋಡಿ ಗೆರೆ ತೋರಿಸುತ್ತದೆ, ಥ್ರಾಟಲ್ ಕೊಟ್ಟರೆ ಎರಡು ಗೆರೆ ಮಾಯ, ಬಿಟ್ಟರೆ ವಾಪಸ್. ಅದನ್ನು ನೋಡುವುದು ಬಿಟ್ಟಿದ್ದೇನೆ.

ಮುಂದಿನ ಸಲ ಕಟ್ಟುವುದಾದರೆ 18650ಕ್ಕಿಂತ ದೊಡ್ಡದಾದ 21700 ಸೆಲ್ ಹಾಕುವ ಯೋಚನೆ ಇದೆ. 4 ಎಎಚ್‌ನವು 39 ಇದ್ದರೆ ಇದೇ 12 ಎಎಚ್ ಪ್ಯಾಕ್ ಆಗುತ್ತದೆ. ವೆಲ್ಡ್ ಕಮ್ಮಿ, ಉಂಗುರವೂ ಕಮ್ಮಿ. 5 ಮಿಲಿಮೀಟರ್ ಉದ್ದ ಜಾಸ್ತಿ ಇರುವುದರಿಂದ ಈ ಕೇಸ್ ಒಳಗೆ ಹಿಡಿಸುತ್ತಾ ಅಂತ ಮಾತ್ರ ಅಳೆದು ನೋಡಬೇಕು.