ಫೇಸ್ ತ್ರೀ ಫಾಲ್ಕನ್ನಾ, ಇ49 ಚಾರ್ಜರಾ?

ಆಸ್ಟ್ರೇಲಿಯಾದ ಹಳೆಯ ಕಾರು ಕೊಳ್ಳುವವರಿಗೆ ಈ ಎರಡೂ ಕನಸೇ. 1971ರ ಫೋರ್ಡ್ ಫಾಲ್ಕನ್ ಜಿಟಿ-ಎಚ್‌ಒ ಫೇಸ್ ತ್ರೀ ಸುಮಾರು 300 ಬಂದವು. ನಾಲ್ಕು ಬಾಗಿಲು, 351 ಘನ ಇಂಚಿನ ವಿ8 ಎಂಜಿನ್. 1972ರ ಕ್ರೈಸ್ಲರ್ ಚಾರ್ಜರ್ ಇ49 ಇನ್ನೂ ಅಪರೂಪ, ಬರೀ 149. ಎರಡು ಬಾಗಿಲು, ಆರು ಸಿಲಿಂಡರ್, ಮೂರು ವೆಬರ್ ಕಾರ್ಬುರೇಟರ್.

ಆದರೆ ಬೆಲೆಯಲ್ಲಿ ಫಾಲ್ಕನ್ನೇ ಜಾಸ್ತಿ. ಬಾಥರ್ಸ್ಟ್ ಕಾರ್ ರೇಸ್ ಗೆದ್ದ ಹೆಸರಲ್ವಾ!

ನಕಲಿಯ ಭಯವೂ ಅದರಲ್ಲೇ ಹೆಚ್ಚು. ಜೆಜಿ33 ಎಂದು ಶುರುವಾಗುವ ಚಾಸಿ ನಂಬರ್ ಸಾಮಾನ್ಯ ಫಾಲ್ಕನ್ ಜಿಟಿಗೂ ಇದೆ. ಅದೊಂದನ್ನೇ ನೋಡಿ ಸುಮ್ನೆ ನಂಬಬೇಡಿ. ಎಂಜಿನ್ ನಂಬರ್, ಹಳೆಯ ದಾಖಲೆ ಎಲ್ಲ ಹೊಂದಬೇಕು. ಚಾರ್ಜರ್‌ನಲ್ಲಿ ಗೇರ್‌ಬಾಕ್ಸ್ ನೋಡಿ: ಇ49ಕ್ಕೆ ನಾಲ್ಕು ಗೇರ್, ಅದರ ಅಣ್ಣ ಇ38ಕ್ಕೆ ಮೂರೇ. ಗೇರ್‌ಬಾಕ್ಸ್ ಬದಲಿಸಬಹುದು, ಹಾಗಾಗಿ ಕಾರಿನ ಮಾದರಿ ವಿವರ ಇರುವ ಲೋಹದ ಟ್ಯಾಗ್ ಕೂಡ ಓದಿ.

ನನ್ನ ಮನಸ್ಸು ಚಾರ್ಜರ್ ಕಡೆಗೇ.